ಅಪ್ಪನ ಲಿಸ್ಟನ್ನು ನಾನು ತಿದ್ದಿದ್ದು

ಲಿಸ್ಟು ಹೇಳುವ ಮೊದಲು ಅಪ್ಪ ಕಿವಿಯ ಮೇಲಿನ ಪೆನ್ನನ್ನು ತೆಗೆದು ಅಂಗಿಯ ಜೇಬಿಗೆ ಸಿಕ್ಕಿಸುತ್ತಿದ್ದರು. ಆ ಸ್ವಲ್ಪ ಹೊತ್ತಿನಲ್ಲಿ ಅವರು ಉಸಿರು ತುಂಬಿಕೊಳ್ಳುತ್ತಿದ್ದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆಮೇಲೆ ಒಂದೇ ದಮ್ಮಿನಲ್ಲಿ: "ಇಡ್ಲಿ, ಮೇದುವಡಾ, ದಹಿವಡಾ, ಉಪ್ಪಿಟ್ಟು, ಶಿರಾ, ಸಾದಾ, ಮಸಾಲಾ, ಮೈಸೂರು ಸಾದಾ, ಮೈಸೂರು ಮಸಾಲಾ, ರವಾ ಸಾದಾ, ರವಾ ಮಸಾಲಾ, ಉತ್ತಪ್ಪಾ, ಟೊಮೇಟೊ ಆಮ್ಲೆಟ್, ಕಟ್ಲೆಟ್." ಕಟ್ಲೆಟ್ಟಿಗೆ ಬಂದಾಗ ಗಾಡಿ ನಿಲ್ಲುತ್ತಿತ್ತು. ಗಿರಾಕಿಯ ಮುಖ ನೋಡಿ, ಕನ್ನಡದವರು ಅಂತ ಕಂಡರೆ, "ತಿನ್ಲಿಕ್ಕಾ, ಕಟ್ಲಿಕ್ಕಾ?" ಎನ್ನುತ್ತಿದ್ದರು. ಪಾರ್ಸಲ್ಲಿಗೆ ಬಂದವರು ನಗುತ್ತಿದ್ದರು. ತಿನ್ನಲು ಬಂದವರೂ ನಗುತ್ತಿದ್ದರು. ಅಪ್ಪ ಮಾತ್ರ ನಗುತ್ತಿರಲಿಲ್ಲ.

ಅವರು ಥಾಣೆಯ ನೌಪಾಡಾದ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಪ್ಟನ್ ಆಗಿದ್ದರು. ಕ್ಯಾಪ್ಟನ್ ಅಂದರೆ ವೇಟರುಗಳಿಗೆ ಹಿರಿಯ. ಗಿರಾಕಿ ಕೂತ ಕೂಡಲೇ ಬಂದು ನಿಲ್ಲುವವ, ಆರ್ಡರು ಕೇಳುವವ. ಮೇಜಿನ ಗಾಜಿನ ಅಡಿಯಲ್ಲಿ ಅಚ್ಚು ಮಾಡಿದ ಮೆನು ಇತ್ತು. ಅದನ್ನು ಓದುವವರು ಹೊಸಬರು ಮಾತ್ರ. ಹಳೆಯ ಗಿರಾಕಿಗಳಿಗೆ ಏನು ಸಿಗುತ್ತದೆಂದು ಬಾಯಿಪಾಠವಿತ್ತು, ಆದರೂ ಅಪ್ಪನ ಬಾಯಿಂದ ಒಂದು ಸಲ ಕೇಳದೆ ಆರ್ಡರು ಕೊಡುತ್ತಿರಲಿಲ್ಲ. ಅದು ಅಲ್ಲಿಯ ಪದ್ಧತಿ.

ಮನೆ ಡೊಂಬಿವಲಿ ಪೂರ್ವದಲ್ಲಿ. ಅಪ್ಪ ಅಮ್ಮ ತಮ್ಮೊಳಗೆ ತುಳು ಮಾತಾಡುತ್ತಿದ್ದರು. ನನ್ನೊಡನೆ ಅಪ್ಪ ಹಟ ಹಿಡಿದು ಕನ್ನಡವೇ ಆಡುತ್ತಿದ್ದರು. ನಾಲ್ಕನೆಯ ತರಗತಿಯ ತನಕ ಕನ್ನಡ ಶಾಲೆಗೆ ಹಾಕಿದ್ದೂ ಅವರೇ. ನನಗೆ ಅವರ ಮಾತಿನ ಲಹರಿ ಬರಲಿಲ್ಲ. ನಾನು ಸಣ್ಣಂದಿನಿಂದಲೂ ಕಡಿಮೆ ಮಾತಿನವಳು. ಹೇಳುವುದಿದ್ದರೆ ಸರಿಯಾಗಿ ಹೇಳಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು ಎಂದು ನಂಬಿದವಳು. ಇದನ್ನು ನಾನು ಒಂದು ಗುಣ ಎಂದುಕೊಂಡಿದ್ದೆ.

ಎರಡು ಸಾವಿರದ ಮೊದಲ ದಶಕದ ನಡುವಿಗೆ ಊರಲ್ಲಿ ಮಾಲುಗಳು ಎದ್ದವು. ಸಣ್ಣ ಧಣಿಗಳು, ಅಂದರೆ ಹೋಟೆಲಿನ ಮಾಲಕರ ಮಗ, ಮಹಡಿಯ ಮೇಲೆ ಎಸಿ ಹಾಲ್ ಮಾಡಿಸಿದರು. ಅಲ್ಲಿಗೆ ಬೇರೆಯೇ ಕಾರ್ಡು: ಬೇಕ್ಡ್ ವೆಜಿಟೆಬಲ್ ಓ ಗ್ರಾಟಿನ್, ಲೆಮನ್ ಸೂಫ್ಲೆ, ಚಾಕಲೇಟ್ ಮೂಸ್, ಕ್ರೇಪ್, ಭಾನುವಾರಕ್ಕೆ ಬಫೆ. ಅಪ್ಪನನ್ನು ಮೇಲೆ ಹಾಕಿದರು. ಅವರು ಹೊಸ ಹೆಸರುಗಳನ್ನು ಹಳೆಯ ಲಿಸ್ಟಿನ ಬಾಲಕ್ಕೆ ಕಟ್ಟಿಕೊಂಡು, ಒಂದು ತಿಂಗಳೊಳಗೆ ಪ್ರತಿಯೊಂದಕ್ಕೂ ಒಂದು ಮಾತು ಹುಟ್ಟಿಸಿದರು. ಮೂಸ್ ತಂದಿಟ್ಟು, "ಮೂಸಿ ನೋಡಿ ಸಾರ್, ಆಮೇಲೆ ತಿನ್ನಿ." ಸೂಫ್ಲೆಗೆ, "ಹೆಸರೇ ಸುಳ್ಳೇ. ಒಳಗೆ ಬರೀ ಗಾಳಿ." ನಮ್ಮ ಕಡೆಯವರು ಗ್ರಾಟಿನ್ ಕೇಳಿದರೆ, "ತಿನ್ನಿ, ಗ್ರಾಚಾರ ಕಳೀತದೆ." ಭಾನುವಾರದ ಗದ್ದಲ ನೋಡಿ, "ಇದು ಬಫೆ ಅಲ್ಲ ಮಾರಾಯ್ರೆ, ಬೊಬ್ಬೆ." ಕನ್ನಡ ಬಾರದವರಿಗೆ ಹಿಂದಿಯ ಸಾಮಗ್ರಿ ಬೇರೆ ಇತ್ತು. ಗ್ರಾಟಿನ್ ಮೇಲಿನ ಬಿಳಿ ಪದರ ಏನೆಂದು ಯಾರಾದರೂ ಹೆಂಗಸರು ಕೇಳಿದರೆ, "ವೈಟ್ ಸಾಸ್ ಹೈ ಭಾಭೀ. ಗೋರೀ ಸಾಸ್, ಮಗರ್ ತೀಖೀ ನಹೀ." ಹಿಂದಿಯಲ್ಲಿ ಸಾಸ್ ಅಂದರೆ ಅತ್ತೆ: ಬಿಳಿ ಅತ್ತೆ, ಆದರೆ ಖಾರ ಇಲ್ಲ. ಸೊಸೆಯಂದಿರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರಂತೆ. ಅತ್ತೆಯಂದಿರು ಇನ್ನೂ ಜೋರಾಗಿ.

ಇದನ್ನೆಲ್ಲ ಅಪ್ಪ ವಾರದ ರಜೆಯ ದಿನ ನಮ್ಮೆದುರು ಆಡಿ ತೋರಿಸುತ್ತಿದ್ದರು. ಅಮ್ಮ ನಗುತ್ತಿದ್ದಳು. ನಾನು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ.

ನಾನು ಆಗ ಹನ್ನೊಂದನೆಯ ತರಗತಿಯಲ್ಲಿ ಫ್ರೆಂಚ್ ತೆಗೆದುಕೊಂಡಿದ್ದೆ. ಭಾಷೆಯ ಮೇಲಿನ ಪ್ರೀತಿಯಿಂದಲ್ಲ. ಮುಂಬಯಿ ಕಡೆಯ ಕಾಲೇಜುಗಳಲ್ಲಿ ಅದು ಅಂಕ ಬರುವ ವಿಷಯ, ಬುದ್ಧಿವಂತರೆಲ್ಲ ತೆಗೆದುಕೊಳ್ಳುತ್ತಿದ್ದರು. ಪರೀಕ್ಷೆ ಪೂರ್ತಿ ಬರವಣಿಗೆಯದು. ಅಧ್ಯಾಪಕರು ಹಲಗೆಯ ತುಂಬ ಕ್ರಿಯಾಪದಗಳನ್ನು ಬರೆದು ಅಳಿಸುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಎರಡು ವರ್ಷದಲ್ಲಿ ಒಂದು ವಾಕ್ಯವನ್ನೂ ಬಾಯಿಬಿಟ್ಟು ಹೇಳಿದ ನೆನಪಿಲ್ಲ. ತಿಂಡಿಗಳ ಹೆಸರು ಹೇಗೆ ಹೇಳಬೇಕೆಂಬುದನ್ನು ನಾನು ಕಲಿತದ್ದು ಟೀವಿಯಲ್ಲಿ ಬರುತ್ತಿದ್ದ ಇಂಗ್ಲಿಷ್ ಅಡುಗೆ ಕಾರ್ಯಕ್ರಮಗಳಿಂದ, ಕಾಲೇಜಿನ ಲೈಬ್ರರಿಯ ಇಂಗ್ಲಿಷ್ ನಿಘಂಟಿನಿಂದ. ಇಂಗ್ಲಿಷರ ಬಾಯಿಂದ ಬಂದದ್ದೇ ಫ್ರೆಂಚ್ ಎಂದು ತಿಳಿದೆ. ಅಪ್ಪ ಮಾತ್ರ ಹೋಟೆಲಿನಲ್ಲಿ ಸಿಕ್ಕಿದವರಿಗೆಲ್ಲ, "ನನ್ನ ಮಗಳಿಗೆ ಫ್ರೆಂಚ್ ಬರ್ತದೆ" ಎಂದು ಹೇಳಿಕೊಂಡು ಬಂದಿದ್ದರು.

ಬಿ.ಎ.ಗೂ ಫ್ರೆಂಚನ್ನೇ, ಅದೂ ಬರವಣಿಗೆಯಲ್ಲೇ, ಮುಂದುವರಿಸಿದೆ. ಕೊನೆಯ ವರ್ಷದಲ್ಲಿದ್ದಾಗ ಕಾಮೋಠೆಯ ಮಾತು ಬಂತು. ಸಣ್ಣ ಧಣಿಗಳು ನವಿ ಮುಂಬಯಿಯಲ್ಲಿ, ಪನ್ವೆಲಿನ ಹತ್ತಿರದ ಆ ಹೊಸ ಬಡಾವಣೆಯಲ್ಲಿ, ಮದುವೆ ನಿಶ್ಚಯಗಳಿಗೆ ಕೊಡುವ ಹಾಲ್ ತೆರೆಯಲಿದ್ದರು. ಅದಕ್ಕೊಬ್ಬ ಮ್ಯಾನೇಜರ್ ಬೇಕು. ಅಪ್ಪನಿಗೆ ಕೊಡುವ ಮನಸ್ಸಿತ್ತು. "ಮ್ಯಾನೇಜರ್ ಅಂದ್ರೆ ಕುರ್ಚಿ ಉಂಟು" ಎಂದು ಅಮ್ಮ ಅಂದಳು. ಮನೆಯಲ್ಲಿ ಬೇರೆ ಯಾವ ಲೆಕ್ಕವೂ ಆಗಲಿಲ್ಲ. ಆ ಒಂದು ಕುರ್ಚಿಯದೇ ಮಾತು. ಇಪ್ಪತ್ತೈದು ವರ್ಷ ನಿಂತು ನಿಂತು ಅಪ್ಪನ ಕಾಲಿನ ನರಗಳು ಹಸಿರು ಹಗ್ಗದಂತೆ ಉಬ್ಬಿದ್ದವು. ಡಾಕ್ಟರು ಹೇಳಿದ ಕ್ರೇಪ್ ಬ್ಯಾಂಡೇಜನ್ನು ಅಮ್ಮ ಬೆಳಿಗ್ಗೆ ಅವರು ಡ್ಯೂಟಿಗೆ ಹೊರಡುವ ಮೊದಲು ಪಾದದಿಂದ ಮೊಣಕಾಲಿನ ತನಕ ಸುತ್ತುತ್ತಿದ್ದಳು.

ಹಾಲಿನ ಮೊದಲ ಬುಕಿಂಗಿನ ಮನೆಯವರು ರುಚಿ ನೋಡಲು ಬರುವ ದಿನ ಅಪ್ಪನೇ ಬಡಿಸಬೇಕು, ಅದನ್ನು ನೋಡಿ ನಿರ್ಧಾರ ಎಂದು ಧಣಿಗಳು ಹೇಳಿದರು. ಅದಕ್ಕೆ ಮೂರು ವಾರ ಇತ್ತು.

"ನಾನು ಹೇಳಿಕೊಡ್ತೇನೆ ಅಪ್ಪಾ" ಎಂದದ್ದು ನಾನೇ. ಯಾರೂ ಕೇಳಿರಲಿಲ್ಲ.

ಮಂಗಳವಾರ ಅವರ ರಜೆ. ಊಟವಾದ ಮೇಲೆ ಅವರು ಚಾಪೆಯಲ್ಲಿ ಮಲಗಿ ಕಾಲುಗಳನ್ನು ಗೋಡೆಗೆ ಎತ್ತಿ ಇಡುತ್ತಿದ್ದರು. ನಾನು ಹಳೆಯ ಮದುವೆ ಕಾಗದಗಳ ಹಿಂಬದಿಯಲ್ಲಿ ಒಂದೊಂದು ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡು ತಲೆಯ ಬಳಿ ಕೂರುತ್ತಿದ್ದೆ.

"ಬಫೆಟ್ ಅಂತ ಬರೀತಾರೆ, ಬಫೇ ಅನ್ನಬೇಕು. ಮೊದಲ ಅಕ್ಷರಕ್ಕೆ ಒತ್ತು. ಕೊನೆಯ ಟ್ ಹೇಳ್ಬಾರ್ದು."

"ಹೇಳ್ಲಿಕ್ಕಿಲ್ಲದಿದ್ರೆ ಬರಿಯೂದೆಂತಕ್ಕೆ?"

"ಫ್ರೆಂಚ್ ಹಾಗೆ."

ಅಪ್ಪ ತುಸು ಯೋಚಿಸಿದರು. "ಗೊತ್ತಾಯ್ತು. ಒಗ್ಗರಣೆಯ ಬೇವಿನ ಸೊಪ್ಪು. ಹಾಕ್ಲೇಬೇಕು, ತಿನ್ಲಿಕ್ಕಿಲ್ಲ."

ಅಡುಗೆಮನೆಯಿಂದ ಅಮ್ಮ ನಕ್ಕದ್ದು ಕೇಳಿತು. ನಾನು ಮುಂದಿನ ಕಾಗದ ತೆಗೆದೆ. "ಗ್ರಾಟಿನ್ ಅಲ್ಲ, ಗ್ರ್ಯಾಟನ್. ಹೇಳಿ."

"ಗ್ರ್ಯಾಟನ್."

"ಕ್ರೇಪ್ ಅಲ್ಲ, ಕ್ರೆಪ್. ಸಣ್ಣದು."

ಅವರು ಗೋಡೆಗೆ ಆನಿಸಿದ ಕಾಲನ್ನು ತೋರಿಸಿದರು. "ಇದೇ ಅಲ್ವಾ? ನನ್ನ ಕಾಲಿಗೆ ಸುತ್ತೂದನ್ನೇ ಅವರ ತಟ್ಟೆಗೆ ಸುತ್ತಿ ಹಾಕೂದು."

"ಅದು ಬೇರೆ, ಇದು ಬೇರೆ ಅಪ್ಪಾ. ಎಂತದ್ದನ್ನೋ ಎಂತದಕ್ಕೋ ಸೇರಿಸ್ಬೇಡಿ."

ನನ್ನ ದನಿ ಏರಿತ್ತೆಂದು ಕಾಣುತ್ತದೆ. ಅಮ್ಮ ಬಾಗಿಲಿಗೆ ಬಂದು, "ಕಾಲೇಜಿಗೆ ಹಾಕಿದ್ದು ನಿನ್ನನ್ನಾ, ಅವರನ್ನಾ?" ಎಂದಳು. ಅಪ್ಪ ಅವಳಿಗೆ ಕೈಯಾಡಿಸಿ ಸುಮ್ಮನಿರಲು ಹೇಳಿದರು.

ಆಗ ನಾನು ಆ ಮಾತು ಹೇಳಿದೆ. "ಹೆಸರಲ್ಲಿ ತಮಾಷೆ ಮಾಡ್ಬಾರ್ದು ಅಪ್ಪಾ, ಗಿರಾಕಿ ಎದುರು. ನಿಮಗೆ ಸರಿ ಹೆಸರು ಬರುದಿಲ್ಲ, ಅದನ್ನು ಮುಚ್ಲಿಕ್ಕೆ ತಮಾಷೆ ಮಾಡ್ತೀರಿ ಅಂತ ತಿಳ್ಕೊಳ್ತಾರೆ."

ಅಪ್ಪ ಕಾಲುಗಳನ್ನು ಗೋಡೆಯಿಂದ ಇಳಿಸಿ ಎದ್ದು ಕೂತರು. "ಹಾಗೆ ಉಂಟಾ?"

"ಹೌದು."

"ಇಷ್ಟು ವರ್ಷವೂ ಹಾಗೆ ತಿಳ್ಕೊಂಡಿರ್ತಾರಾ?"

ಇಲ್ಲ ಎಂದು ಹೇಳಬಹುದಿತ್ತು. ಇಲ್ಲ ಎಂಬುದೇ ನಿಜವಾಗಿತ್ತು. ನಾನು ಕಾಗದಗಳನ್ನು ಜೋಡಿಸುತ್ತ, "ಇರಬಹುದು" ಎಂದೆ.

ಹಾಗೆ ಅಂದದ್ದಕ್ಕೆ ಒಂದು ಕಾರಣವಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕೆಲವು ದಿನಗಳ ಹಿಂದೆ ಕಾಲೇಜಿನಲ್ಲಿ ಒಬ್ಬಳು ಸಹಪಾಠಿ, ಮನೆಯವರೊಡನೆ ನೌಪಾಡಾದ ಆ ಎಸಿ ಹಾಲಿಗೆ ಹೋಗಿ ಬಂದದ್ದನ್ನು ವಿವರಿಸಿದ್ದಳು. ಅಲ್ಲಿಯ ಒಬ್ಬ ಅಂಕಲ್ ಗ್ರಾಟಿನ್ ಎನ್ನುವ ರೀತಿಯನ್ನು ಅವಳು ಅನುಕರಿಸಿ ತೋರಿಸಿದಳು. ಗೋರೀ ಸಾಸ್ ಮಾತನ್ನೂ ಹೇಳಿದಳು. ಸುತ್ತ ಕೂತವರೆಲ್ಲ ನಕ್ಕರು. ಅವಳು ಅಪಹಾಸ್ಯ ಮಾಡುತ್ತಿರಲಿಲ್ಲ. ಅವಳಿಗೆ ಅಪ್ಪ ನಿಜವಾಗಿ ಇಷ್ಟವಾಗಿದ್ದರು, "ಪುನಃ ಹೋಗ್ಬೇಕು" ಅಂದಳು. ಅವರು ನನ್ನ ಅಪ್ಪ ಎಂದು ನಾನು ಹೇಳಲಿಲ್ಲ. ಎಲ್ಲರ ಜೊತೆ ಸ್ವಲ್ಪ ನಕ್ಕೆ. ಆ ನಗುವನ್ನು ಹೊತ್ತುಕೊಂಡು ಮನೆಗೆ ಬಂದು, ಅದರ ಭಾರವನ್ನು ಅಪ್ಪನ ಲಿಸ್ಟಿನ ಮೇಲೆ ಇಳಿಸಿದೆ.

ರುಚಿ ನೋಡುವ ಭಾನುವಾರ ಅಪ್ಪ ನನ್ನನ್ನೂ ಕಾಮೋಠೆಗೆ ಕರೆದುಕೊಂಡು ಹೋದರು. "ನೀನಿದ್ರೆ ಧೈರ್ಯ." ಹಾಲಿಗೆ ಇನ್ನೂ ಬಣ್ಣದ ವಾಸನೆ ಇತ್ತು. ನನ್ನನ್ನು ನೋಡಿ ಸಣ್ಣ ಧಣಿಗಳು, "ಬನ್ನಿ ಬನ್ನಿ, ಫ್ರೆಂಚ್ ಪಂಡಿತರು" ಎಂದು ಮೂಲೆಯ ಮೇಜಿನಲ್ಲಿ ಕೂರಿಸಿ ನಿಂಬೆ ಶರಬತ್ತು ಕೊಡಿಸಿದರು.

ಬಂದವರು ಮರಾಠಿ ಕುಟುಂಬ: ನಿಶ್ಚಯವಾಗುವ ಹುಡುಗ, ಅವನ ತಂದೆ ತಾಯಿ, ಒಂಬತ್ತುವಾರಿ ಸೀರೆಯ ಅಜ್ಜಿ. ಅಪ್ಪ ಇಸ್ತ್ರಿ ಹಾಕಿದ ಕಪ್ಪು ಕೋಟು ತೊಟ್ಟು ಅವರೆದುರು ನಿಂತರು. ಪೆನ್ನು ತೆಗೆದು ಜೇಬಿಗೆ ಹಾಕಿದರು. ಲಿಸ್ಟು ಶುರುವಾಯಿತು. ಆದರೆ ಅದು ಒಂದು ದಮ್ಮಿನದಾಗಿರಲಿಲ್ಲ. ಒಂದೊಂದು ಹೆಸರಿಗೂ ನಿಂತು, ಅದನ್ನು ಹೇಳಿ, ಮುಂದಿನದಕ್ಕೆ ಹೋಗುವ ಮೊದಲು ಅವರು ಹುಡುಗನ ತಲೆಯ ಮೇಲಿಂದ ನನ್ನ ಕಡೆಗೆ ನೋಡುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಸರಿ ಎಂದು. ಬಫೇ, ಸರಿ. ಸೂಫ್ಲೇ, ಸರಿ. ನಾಲ್ಕನೆಯ ಹೆಸರಿಗೆ ಧಣಿಗಳೂ ಅವರ ನೋಟದ ಜಾಡು ಹಿಡಿದು ನನ್ನ ಕಡೆ ತಿರುಗಿದರು. ನಾನು ಶರಬತ್ತಿನ ಲೋಟ ನೋಡಿದೆ.

ತಟ್ಟೆಗಳು ಬಂದವು. ಅಜ್ಜಿ ತನ್ನೆದುರಿಗೆ ಬಂದ ಬಿಳಿ ಪದರವನ್ನು ಚಮಚದಿಂದ ಮುಟ್ಟಿ ನೋಡಿ, "ಹೇ ಕಾಯ್ ಆಹೇ?" ಎಂದು ಕೇಳಿದರು. ಇದೇನು?

"ಓ ಗ್ರ್ಯಾಟನ್, ಆಜೀ."

"ಮ್ಹಣಜೇ?" ಅಂದರೆ?

ಆ ಪ್ರಶ್ನೆಗೆ ಅಪ್ಪನಲ್ಲಿ ಬಿಸಿಬಿಸಿ ಉತ್ತರವಿತ್ತು. ಮೊಮ್ಮಗನ ನಿಶ್ಚಯದ ಊಟದ ರುಚಿ ನೋಡಲು ಬಂದ, ಮನೆಗೆಲ್ಲ ಅತ್ತೆಯಾದ ಮುದುಕಿ. ಎದುರಿಗೆ ವೈಟ್ ಸಾಸ್. ಅಂಥ ಸಂದರ್ಭಕ್ಕೆಂದೇ ಮಾಡಿಟ್ಟ ಹಾಗಿದ್ದ ಮಾತು. ಅದು ಅವರ ತುಟಿಯ ತನಕ ಬಂದದ್ದು ನನಗೆ ಕಂಡಿತು. ಹುಬ್ಬು ಒಂಚೂರು ಮೇಲೆ ಹೋಯಿತು, ತಮಾಷೆಗೆ ಮೊದಲು ಯಾವಾಗಲೂ ಹೋಗುವ ಹಾಗೆ. ನನ್ನ ಕಡೆ ನೋಡಿದರು. ನಾನು ಅಲ್ಲಾಡಲಿಲ್ಲ. ತಲೆಯಾಡಿಸಿ 'ಹೇಳಿ' ಅನ್ನಬಹುದಿತ್ತು, ಅಷ್ಟೇ ಸಾಕಿತ್ತು. ಹುಬ್ಬು ಇಳಿಯಿತು.

"ಓ ಗ್ರ್ಯಾಟನ್" ಎಂದು ಅಪ್ಪ ಇನ್ನೊಮ್ಮೆ, ಇನ್ನೂ ಸ್ಪಷ್ಟವಾಗಿ ಹೇಳಿದರು.

ಅಜ್ಜಿ ತಟ್ಟೆಯನ್ನು ಮೆಲ್ಲನೆ ಮುಂದಕ್ಕೆ ತಳ್ಳಿ ನೀರು ಕುಡಿದರು. ಹುಡುಗನ ತಂದೆ, "ರಾಹೂ ದ್ಯಾ, ಆಮ್ಹೀ ಕಾರ್ಡ್ ಬಘತೋ" ಎಂದರು. ಇರಲಿ ಬಿಡಿ, ನಾವು ಕಾರ್ಡು ನೋಡಿಕೊಳ್ಳುತ್ತೇವೆ.

ಅವರು ಹೋದ ಮೇಲೆ ಧಣಿಗಳು ಅಪ್ಪನ ಹೆಗಲ ಮೇಲೆ ಕೈಯಿಟ್ಟು ಕೇಳಿದರು, "ಅಣ್ಣಾ, ಎಂತ ಆಯ್ತು ಇವತ್ತು? ಬಾಯಿಗೆ ಬೀಗ ಹಾಕಿದ ಹಾಗೆ ಇತ್ತು. ನೌಪಾಡಾದಲ್ಲಿ ನಿಮ್ಮ ಬಾಯಿ ಮುಚ್ಸುದೇ ಕಷ್ಟ."

"ಗಂಟಲು ಸ್ವಲ್ಪ ಸರಿ ಇಲ್ಲ ಧಣಿ."

ನನ್ನ ಹೆಸರು ಅವರು ತೆಗೆಯಲಿಲ್ಲ.

ಥಾಣೆ ಗಾಡಿಯಲ್ಲಿ ಸೀಟು ಸಿಕ್ಕಿತು. ಅಪ್ಪ ಕೋಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ತುರ್ಭೆ ದಾಟಿತು. ಆಮೇಲೆ ಕೇಳಿದರು, "ಒಂದಾದ್ರೂ ತಪ್ಪಿತಾ?"

"ಇಲ್ಲ ಅಪ್ಪಾ."

"ಹಾಗಾದ್ರೆ ಸರಿ."

ಕಾಮೋಠೆಯ ಕುರ್ಚಿಗೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಒಬ್ಬ ತರುಣ ಬಂದ. ಧಣಿಗಳು ಅಪ್ಪನನ್ನು ಮರ್ಯಾದೆಯಿಂದಲೇ ನೌಪಾಡಾದ ಕೆಳಗಿನ ಹಾಲಿಗೆ ಕಳಿಸಿದರು. ಹಳೆಯ ಗಿರಾಕಿಗಳು ಅಲ್ಲಿರುತ್ತಾರೆ, ನಿಮಗೂ ಸುಲಭ ಎಂದು. ಆದರೆ ಅಲ್ಲಿ, ಇಡ್ಲಿ ವಡೆಯ ನಡುವೆಯೂ, ಅಪ್ಪ ಲಿಸ್ಟು ಹೇಳುವುದನ್ನು ನಿಲ್ಲಿಸಿದರು. ಗಿರಾಕಿ ಕೂತರೆ ಕಾರ್ಡು ತಂದಿಟ್ಟು, ಪೆನ್ನು ಹಿಡಿದು, ಕಾಯುತ್ತಿದ್ದರು. ಮಂಗಳವಾರಗಳಂದು ಮನೆಯಲ್ಲಿ ಆಡಿ ತೋರಿಸುವುದೂ ನಿಂತಿತು. ಇದನ್ನು ನಾನು ಕೂಡಲೇ ಗಮನಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲ ವಾರವೇ ಗಮನಿಸಿದೆ. ಪರೀಕ್ಷೆ ಹತ್ತಿರವಿದೆ, ಮನೆ ನಿಶ್ಶಬ್ದವಾಗಿರುವುದು ಒಳ್ಳೆಯದೇ ಎಂದುಕೊಂಡೆ.

ಎಂ.ಎ. ಮುಗಿದ ಮೇಲೆ ನವಿ ಮುಂಬಯಿಯ ಒಂದು ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿತು. ಫ್ರೆಂಚಿನಲ್ಲಿ ಬರುವ ಪತ್ರಗಳನ್ನು ಓದಿ ಇಂಗ್ಲಿಷಿನಲ್ಲಿ ಸಾರಾಂಶ ಬರೆಯುವುದು. ಮಾತಾಡಲೂ ಕಲಿಯಬೇಕೆಂದು ಶನಿವಾರದ ತರಗತಿಗೆ ಸೇರಿದೆ. ಅಲ್ಲಿಯ ಅಧ್ಯಾಪಕಿ ಫ್ರಾನ್ಸಿನಲ್ಲಿ ಹತ್ತು ವರ್ಷ ಇದ್ದು ಬಂದವರು. ಮೊದಲ ದಿನ ತಿಂಡಿಗಳ ಹೆಸರು ಓದಿಸಿದರು. ನಾನು ಓದಿದೆ. ಅವರು ನಕ್ಕರು, ಕೆಡುಕಿಲ್ಲದ ನಗು. "ಚೆನ್ನಾಗಿದೆ. ಆದರೆ ಇದು ಫ್ರೆಂಚ್ ಅಲ್ಲ, ಇಂಗ್ಲಿಷ್."

ಆಮೇಲೆ ಅವರು ವಿವರಿಸಿದರು. ಇಂಗ್ಲಿಷಿನವರು ಬಫೆಯ ಕೊನೆಯ ಟ್ ಬಿಡುತ್ತಾರೆ, ರೆಸ್ಟೋರೆಂಟಿನ ಟ್ ಹಿಡಿದುಕೊಳ್ಳುತ್ತಾರೆ. ಫ್ರೆಂಚರು ಎರಡನ್ನೂ ಬಿಡುತ್ತಾರೆ. ಮೂಗಿನಲ್ಲಿ ಹೋಗಬೇಕಾದ ಸ್ವರವನ್ನು ಇಂಗ್ಲಿಷಿನವರು ನಾಲಗೆಯ ತುದಿಗೆ ತಂದು ನ್ ಮಾಡುತ್ತಾರೆ. ಕೊನೆಗೆ ಬೀಳುವ ಒತ್ತನ್ನು ಎತ್ತಿ ಮೊದಲಿಗೆ ಇಡುತ್ತಾರೆ. "ಅವರಿಗೆ ತಪ್ಪು ಅಂತ ಯಾರೂ ಹೇಳುವುದಿಲ್ಲ. ತಮ್ಮ ಊರಿನ ನಾಲಗೆಗೆ ಒಗ್ಗಿಸಿಕೊಂಡರು, ಅಷ್ಟೇ. ಎಲ್ಲ ಊರಿನವರೂ ಹಾಗೆಯೇ ಮಾಡುವುದು." ಮೊಟ್ಟೆಯಿಲ್ಲದ ನಮ್ಮ ಟೊಮೇಟೊ ಆಮ್ಲೆಟನ್ನು ನೆನೆದು ತರಗತಿ ನಕ್ಕಿತು. ನಾನು ಕೈಯೆತ್ತಿ ಕ್ರೇಪಿನ ಬಗ್ಗೆ ಕೇಳಿದೆ. ಕಾಲಿಗೆ ಸುತ್ತುವುದೂ ತಿನ್ನುವುದೂ ಒಂದೇ ಪದ, ಸುಕ್ಕುಸುಕ್ಕಾದದ್ದು ಎಂಬ ಅರ್ಥದಿಂದ ಬಂದದ್ದು ಎಂದರು.

ಅದನ್ನು ಅಮ್ಮನಿಗೆ ಹೇಳಿದೆ. "ನನಗೆ ಹೇಳಿ ಎಂತ ಉಪಯೋಗ? ಅವರಿಗೆ ಹೇಳು." ಹೇಳಲು ನನಗೆ ಮೂರು ವರ್ಷ ಹಿಡಿಯಿತು. ಪ್ರತಿ ಮಂಗಳವಾರ ಅವರ ಕಾಲು ಗೋಡೆಗೆ ಆನಿಸಿರುವುದನ್ನು ನೋಡಿ, ಇವತ್ತು ಬೇಡ, ಎನ್ನುತ್ತಿದ್ದೆ. ನನ್ನ ಉಚ್ಚಾರ ತಪ್ಪಾಗಿತ್ತು ಎಂಬುದು ಸಣ್ಣ ವಿಷಯ. ಅದು ಸರಿಯೇ ಆಗಿದ್ದರೂ ಆ ಅಜ್ಜಿ ತಟ್ಟೆಯನ್ನು ತಳ್ಳುತ್ತಿದ್ದರು. ಇದು ನನಗೆ ಗೊತ್ತಿತ್ತು, ಆದ್ದರಿಂದಲೇ ಹೇಳಲು ಆಗುತ್ತಿರಲಿಲ್ಲ.

ಕೊನೆಗೆ ಒಂದು ದಿನ ರಜೆ ಹಾಕಿ, ಮಧ್ಯಾಹ್ನದ ಗದ್ದಲ ಇಳಿದ ಮೇಲೆ ನೌಪಾಡಾಕ್ಕೆ ಹೋಗಿ ಹೋಟೆಲಿನ ಒಂದು ಮೇಜಿನಲ್ಲಿ ಗಿರಾಕಿಯಂತೆ ಕೂತೆ. ಅಪ್ಪನ ಮೇಜಿಗೆ ನಾನು ಹಾಗೆ ಕೂತದ್ದು ಅದೇ ಮೊದಲು. ಅವರು ದೂರದಿಂದ ಕಂಡು ಗಾಬರಿಯಾಗಿ ಬಂದರು. "ಮನೆಯಲ್ಲಿ ಎಂತಾದ್ರೂ...?" ಇಲ್ಲ ಎಂದೆ. ಅಭ್ಯಾಸಬಲದಿಂದ ಕಾರ್ಡು ಇಟ್ಟರು.

ಪಕ್ಕದ ಮೇಜಿನಲ್ಲಿ ಚಹ ಕುಡಿಯುತ್ತಿದ್ದ ಬಿಳಿಗೂದಲಿನವರೊಬ್ಬರು ನನ್ನ ಕಡೆ ಬಾಗಿದರು. ನಾನು ಯಾರೆಂದು ಅವರಿಗೆ ತಿಳಿದಿರಲಿಲ್ಲ. "ಪೂರ್ವೀ ಹೇ ತೋಂಡಾನೇ ಸಗಳಂ ಸಾಂಗಾಯಚೇ, ಬಾಳಾ. ಏಕಾ ದಮಾತ್!" ಮೊದಲು ಇವರು ಎಲ್ಲವನ್ನೂ ಬಾಯಲ್ಲೇ ಹೇಳುತ್ತಿದ್ದರು ಮಗಾ, ಒಂದೇ ಉಸಿರಿಗೆ. ಆಮೇಲೆ ಗೋರೀ ಸಾಸಿನ ಮಾತನ್ನು ಅವರೇ ಹೇಳಿ, ತಾವೇ ನಕ್ಕು, "ಆತಾ ಬೋಲತ್ ನಾಹೀತ್" ಎಂದು ಮುಗಿಸಿದರು. ಈಗ ಮಾತಾಡುವುದಿಲ್ಲ.

ಅಪ್ಪ ಕೇಳದವರಂತೆ ಮೇಜು ಒರೆಸುತ್ತಿದ್ದರು.

"ಅಪ್ಪಾ, ನಾನು ಹೇಳಿಕೊಟ್ಟದ್ದು ತಪ್ಪು. ಅದು ಫ್ರೆಂಚ್ ಅಲ್ಲ, ಇಂಗ್ಲಿಷಿನವರು ಹೇಳುವ ಹಾಗೆ. ಕ್ರೇಪಿನ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ಕಾಲಿಗೆ ಸುತ್ತೂದು, ತಿನ್ನೂದು, ಎರಡೂ ಒಂದೇ ಪದ."

"ಹೌದಾ?" ಅವರು ಒಂದು ಕ್ಷಣ ತಮ್ಮ ಕಾಲಿನ ಕಡೆ ನೋಡಿದರು. "ನಾನು ಅಂದಾಜಿಗೆ ಹೇಳಿದ್ದು."

"ತಮಾಷೆ ಮಾಡ್ಬಾರ್ದು ಅಂದದ್ದೂ ತಪ್ಪು. ಕಾಮೋಠೆ ನಿಮ್ಮ ಕೈ ಬಿಟ್ಟದ್ದು ನನ್ನಿಂದ."

"ಎಂತ ಮಾತು ಮಾರಾಯ್ತಿ. ದಿನಾ ಅಷ್ಟು ದೂರ ಯಾರು ಹೋಗಿ ಬರ್ತಾರೆ? ಎರಡು ಗಾಡಿ ಬದಲಿಸ್ಬೇಕು. ಆಗದ್ದೇ ಒಳ್ಳೇದಾಯ್ತು." ಇದನ್ನು ಅವರು ಎಷ್ಟು ಬೇಗ ಹೇಳಿದರೆಂದರೆ, ಮೊದಲೇ ಸಿದ್ಧ ಮಾಡಿಟ್ಟಿದ್ದರೆಂದು ತಿಳಿಯಿತು.

"ಲಿಸ್ಟು ಹೇಳಿ ಅಪ್ಪಾ."

"ಕಾರ್ಡುಂಟಲ್ಲ."

"ನೀವು ಹೇಳಿ."

ಅವರು ಸುತ್ತ ನೋಡಿದರು. ಪೆನ್ನನ್ನು ತೆಗೆದು ಜೇಬಿಗೆ ಸಿಕ್ಕಿಸಿದರು. "ಇಡ್ಲಿ, ಮೇದುವಡಾ, ದಹಿವಡಾ..." ದಮ್ಮು ಮೊದಲಿನಷ್ಟು ಉದ್ದವಿರಲಿಲ್ಲ, ರವಾ ಮಸಾಲೆಯ ಬಳಿ ಒಮ್ಮೆ ಉಸಿರು ತೆಗೆದುಕೊಳ್ಳಬೇಕಾಯಿತು. ಪಕ್ಕದವರು ಚಹದ ಲೋಟವನ್ನು ಕೆಳಗಿಟ್ಟು ಕೇಳುತ್ತಿದ್ದರು. "ಉತ್ತಪ್ಪಾ, ಟೊಮೇಟೊ ಆಮ್ಲೆಟ್, ಕಟ್ಲೆಟ್."

ಅಲ್ಲಿ ನಿಂತರು. ಹುಬ್ಬು ಸ್ವಲ್ಪ ಮೇಲೆ ಹೋಯಿತು. ನನ್ನ ಕಡೆ ನೋಡಿದರು. ಕಾಮೋಠೆಯಲ್ಲಿ ನೋಡಿದ್ದ ಹಾಗೆಯೇ. ಈ ಸಲ ನಾನು ತಲೆಯಾಡಿಸಿದೆ. ಅವರು ಹೇಳಲಿಲ್ಲ. ಕಾದು ಕಾದು, ಜೀವನದಲ್ಲಿ ಒಂದು ತಮಾಷೆಯನ್ನೂ ಹೇಳಿರದ ನಾನೇ ಬಾಯಿಬಿಟ್ಟೆ.

"ತಿನ್ಲಿಕ್ಕಾ, ಕಟ್ಲಿಕ್ಕಾ?"

ಅಪ್ಪ ನಗಲಿಲ್ಲ. ಚುಚ್ಚಲೂ ಇಲ್ಲ. ಸಣ್ಣ ಮಕ್ಕಳಿಗೆ ಹೇಳುವ ಹಾಗೆ, ಮೆಲ್ಲಗೆ ಹೇಳಿದರು. "ಹೆಸರಲ್ಲಿ ತಮಾಷೆ ಮಾಡ್ಬಾರ್ದು ಮಗಾ, ಗಿರಾಕಿ ಎದುರು. ಎಂತ ತರ್ಲಿ, ಹೇಳು."

ಕಟ್ಲೆಟ್ ಎಂದೆ. ಅವರು ಜೇಬಿನ ಪೆನ್ನು ತೆಗೆದು ಬರೆದುಕೊಂಡರು. ನಾನು ಕುರ್ಚಿಯಲ್ಲಿ ಕೂತಿದ್ದೆ. ಅವರು ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಿಸಿ, ಇನ್ನೇನಾದರೂ ಬೇಕೇ ಎಂದು ಕಾಯುತ್ತ ನಿಂತಿದ್ದರು.